ಪೂರ್ತಿ ಬಿಗಿಯದ ಕನೆಕ್ಟರ್: ಒಪೆರಾ ತಂಡದ ಒಂಬತ್ತು ತಿಂಗಳು

60 ನ್ಯಾನೊಸೆಕೆಂಡಿನಲ್ಲಿ ಬೆಳಕು ಸುಮಾರು 18 ಮೀಟರ್ ಹೋಗುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ 40-60 ಸೈಟಿನ ಉದ್ದನೆಯ ಬದಿ. ಜಿನೀವಾ ಪಕ್ಕದ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನಿಂದ ಹೊರಟು, 730 ಕಿಲೋಮೀಟರ್ ನೆಲದೊಳಗೇ ಸಾಗಿ, ಇಟಲಿಯ ಗ್ರಾನ್ ಸಾಸ್ಸೊ ಬೆಟ್ಟದ ಬುಡಕ್ಕೆ ಬಂದ ನ್ಯೂಟ್ರಿನೊಗಳು (ಬಂಡೆಯನ್ನೂ ಸಲೀಸಾಗಿ ದಾಟುವ ಅತಿ ಸೂಕ್ಷ್ಮ ಕಣಗಳು) ಬೆಳಕಿಗಿಂತ ಅಷ್ಟು ಮುಂದಿವೆ ಎಂದು 2011ರಲ್ಲಿ ಒಪೆರಾ ಪ್ರಯೋಗದ ಗಡಿಯಾರ ತೋರಿಸಿತು. ಬೆಳಕನ್ನು ಯಾವುದೂ ಮೀರುವಂತಿಲ್ಲ ಎಂಬುದು ಐನ್‌ಸ್ಟೈನ್ ಸಿದ್ಧಾಂತ. ಒಂಬತ್ತು ತಿಂಗಳ ನಂತರ ಆ ಮುನ್ನಡೆ ಮಾಯವಾಯಿತು. ‘ಕೇಬಲ್ ಲೂಸಾಗಿತ್ತಂತೆ’ ಎಂದು ನಕ್ಕು ಈ ಪ್ರಕರಣವನ್ನು ಮುಗಿಸಿಬಿಡುವುದು ರೂಢಿ. ಆ ಕೇಬಲ್ಲಿಗೆ ಕೈ ಹೋಗಲು ಯಾಕೆ ಅಷ್ಟು ತಡವಾಯಿತು, ಯಾವ ಪರೀಕ್ಷೆ ಮೊದಲು ನಡೆಯಿತು, 160 ಜನರ ತಂಡದಲ್ಲಿ ಸಹಿ ಹಾಕಲು ಒಪ್ಪದವರು ಯಾಕೆ ಒಪ್ಪಲಿಲ್ಲ, ತಪ್ಪು ಸಿಕ್ಕ ಮೇಲೆ ನಾಯಕರಿಬ್ಬರು ಯಾಕೆ ಕೆಳಗಿಳಿದರು ಎಂಬುದನ್ನು ಬಿಡಿಸಿ ನೋಡಿದರೆ, ದೊಡ್ಡ ಗುಂಪಿನಲ್ಲಿ ವಿಜ್ಞಾನ ಮಾಡುವುದೆಂದರೆ ದಿನನಿತ್ಯ ಏನು ಎಂಬುದು ಕಾಣುತ್ತದೆ.

ತಂಡ ಮತ್ತು ಅದರ ನಿಜವಾದ ಕೆಲಸ

ಒಪೆರಾವನ್ನು ಕಟ್ಟಿದ್ದು ವೇಗ ಅಳೆಯಲಿಕ್ಕಲ್ಲ. ಮ್ಯುವಾನ್ ಜಾತಿಯ ನ್ಯೂಟ್ರಿನೊ ದಾರಿಯಲ್ಲಿ ಟೌ ಜಾತಿಯದಾಗಿ ಬದಲಾಗುವುದನ್ನು ನೇರವಾಗಿ ಹಿಡಿಯುವುದು ಅದರ ಉದ್ದೇಶ. ಅದಕ್ಕಾಗಿ ಸೀಸದ ತೆಳು ಹಾಳೆ ಮತ್ತು ಫೋಟೊ ಎಮಲ್ಷನ್ ಫಿಲ್ಮುಗಳನ್ನು ಒಂದರ ಮೇಲೊಂದು ಪೇರಿಸಿ ಮಾಡಿದ, ತಲಾ 8.3 ಕಿಲೊ ತೂಕದ ಸುಮಾರು ಒಂದೂವರೆ ಲಕ್ಷ ‘ಇಟ್ಟಿಗೆ’ಗಳನ್ನು 1,400 ಮೀಟರ್ ಬಂಡೆಯ ಕೆಳಗೆ ಜೋಡಿಸಿದ್ದರು. ಒಟ್ಟು ತೂಕ ಸುಮಾರು 1,250 ಟನ್. 11 ದೇಶಗಳ 30 ಸಂಸ್ಥೆಗಳಿಂದ 160ರಷ್ಟು ಭೌತವಿಜ್ಞಾನಿಗಳು ಇದ್ದರು. ವಕ್ತಾರರು ಬರ್ನ್ ವಿಶ್ವವಿದ್ಯಾಲಯದ ಆಂಟೊನಿಯೊ ಎರೆಡಿಟಾಟೊ. ಭೌತವಿಶ್ಲೇಷಣೆಯ ಸಂಯೋಜಕರು ಲಿಯಾನ್‌ನ ಡಾರಿಯೊ ಆಟಿಯೆರೊ.

ಇಂಥ ತಂಡದಲ್ಲಿ ‘ವಕ್ತಾರ’ ಎಂದರೆ ಪತ್ರಿಕೆಗಳ ಜೊತೆ ಮಾತಾಡುವವರಷ್ಟೇ ಅಲ್ಲ. ಅವರು ಚುನಾಯಿತ ಮುಖ್ಯಸ್ಥರು. ಆದರೆ ಅವರ ಕೈಯಲ್ಲಿ ಸಂಬಳವೂ ಇಲ್ಲ, ಬಡ್ತಿಯೂ ಇಲ್ಲ. ಪ್ರತಿ ಸಂಸ್ಥೆಯವರೂ ತಮ್ಮ ತಮ್ಮ ದೇಶದ ಹಣದಿಂದ ಬಂದವರು. ಮಾತು ನಡೆಯುವುದು ಒಪ್ಪಿಗೆಯ ಮೇಲೆ, ವಿಶ್ವಾಸದ ಮೇಲೆ. ಈ ಪ್ರಕರಣದಲ್ಲಿ ಕೊನೆಗೆ ಮುರಿದದ್ದೂ ಅದೇ.

ಅಳತೆ ಹೇಗೆ ನಡೆಯುತ್ತಿತ್ತು

ಸರ್ನ್‌ನ ವೇಗವರ್ಧಕ 400 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನುಗಳನ್ನು ಗ್ರಾಫೈಟ್ ಗುರಿಗೆ ಹೊಡೆಯುತ್ತಿತ್ತು. ಅಲ್ಲಿ ಹುಟ್ಟಿದ ಪಯಾನ್, ಕೇಯಾನ್ ಎಂಬ ಅಲ್ಪಾಯುಷಿ ಕಣಗಳು ಒಂದು ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಸಾಗುತ್ತ ಒಡೆದು ನ್ಯೂಟ್ರಿನೊಗಳಾಗುತ್ತಿದ್ದವು. ಪ್ರೋಟಾನುಗಳ ಪ್ರತಿ ಕಂತು 10.5 ಮೈಕ್ರೊಸೆಕೆಂಡ್ ಉದ್ದ. ಒಂದು ನಿರ್ದಿಷ್ಟ ನ್ಯೂಟ್ರಿನೊ ಆ ಕಂತಿನ ಯಾವ ಪ್ರೋಟಾನಿನಿಂದ ಹುಟ್ಟಿತು ಎಂದು ಹೇಳಲು ಬರುವುದಿಲ್ಲ. ಹಾಗಾಗಿ ಮೂರು ವರ್ಷ ಕೂಡಿಟ್ಟ, ನ್ಯೂಟ್ರಿನೊ ದಾಖಲಾದ 16,111 ಘಟನೆಗಳ ಸಮಯಗಳನ್ನು ಒಟ್ಟುಮಾಡಿ, ಅದರ ಆಕಾರವನ್ನು ಪ್ರೋಟಾನ್ ಕಂತಿನ ಆಕಾರದ ಮೇಲೆ ಹಿಂದೆ ಮುಂದೆ ಸರಿಸಿ, ಎಲ್ಲಿ ಚೆನ್ನಾಗಿ ಕೂರುತ್ತದೆ ಎಂದು ನೋಡಿದರು.

ಇದಕ್ಕೆ ಬೇಕಾದ್ದು ಎರಡು: ದೂರ ಮತ್ತು ಸಮಯ. ದೂರವನ್ನು ಅಳೆದ ರೀತಿಯನ್ನು ಮೆಚ್ಚಲೇಬೇಕು. ಜಿಪಿಎಸ್ ಮತ್ತು ಸುರಂಗದೊಳಗಿನ ಭೂಮಾಪನ ಸೇರಿಸಿ 731,278.0 ಮೀಟರ್ ಎಂದರು. ಅನಿಶ್ಚಿತತೆ 20 ಸೆಂಟಿಮೀಟರ್. ಸುಮಾರು 300 ಜನರನ್ನು ಬಲಿ ತೆಗೆದುಕೊಂಡ 2009ರ ಏಪ್ರಿಲ್ 6ರ ಲಾಕ್ವಿಲಾ ಭೂಕಂಪದಲ್ಲಿ ನೆಲ 7 ಸೆಂಟಿಮೀಟರ್ ಸರಿದದ್ದೂ ಇವರ ದಾಖಲೆಯಲ್ಲಿ ಕಾಣುತ್ತದೆ. 7 ಸೆಂಟಿಮೀಟರ್ ಎಂದರೆ ಕಾಲು ನ್ಯಾನೊಸೆಕೆಂಡಿನಷ್ಟೂ ಅಲ್ಲ.

ಸಮಯದ ಸರಪಳಿ ಇನ್ನೂ ಉದ್ದ. ಎರಡೂ ತುದಿಗಳಲ್ಲಿ ಒಂದೇ ಬಗೆಯ ಜಿಪಿಎಸ್ ರಿಸೀವರ್, ಸೀಸಿಯಂ ಗಡಿಯಾರ. ಅವುಗಳ ಹೊಂದಾಣಿಕೆಯನ್ನು ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆಗಳು ಪರಿಶೀಲಿಸಿದ್ದವು. ಅಲ್ಲಿಯವರೆಗೆ ಎಲ್ಲವೂ ಒಂದೆರಡು ನ್ಯಾನೊಸೆಕೆಂಡಿನೊಳಗೆ. ಆದರೆ ಜಿಪಿಎಸ್ ಸಂಕೇತ ಬೆಟ್ಟದೊಳಗೆ ಬರುವುದಿಲ್ಲ. ಹೊರಗಿನ ಕಟ್ಟಡದಿಂದ ಒಳಗಿನ ಮುಖ್ಯ ಗಡಿಯಾರಕ್ಕೆ, ಅಂದರೆ ಮಾಸ್ಟರ್ ಕ್ಲಾಕಿಗೆ, 8.3 ಕಿಲೋಮೀಟರ್ ಆಪ್ಟಿಕಲ್ ಫೈಬರ್ ಎಳೆದಿತ್ತು. ಆ ದಾರಿಯ ತಡ 40,996 ನ್ಯಾನೊಸೆಕೆಂಡ್ ಎಂದು ವರ್ಷಗಳ ಹಿಂದೆ ಅಳೆದು ಬರೆದಿಟ್ಟಿದ್ದರು. ಗಾಜಿನಲ್ಲಿ ಬೆಳಕಿಗೆ ಮೀಟರಿಗೆ ಸುಮಾರು 4.9 ನ್ಯಾನೊಸೆಕೆಂಡ್ ಬೇಕು. ಗುಣಿಸಿ ನೋಡಿದರೆ ಅಂಕಿ ಸರಿಯಾಗಿಯೇ ಇದೆ. ಬರೆದಿಟ್ಟ ದಿನ ಅದು ನಿಜವಾಗಿಯೂ ಸರಿಯಾಗಿತ್ತು.

ವಿಶ್ಲೇಷಣೆಯನ್ನು ಕಣ್ಣುಕಟ್ಟಿಕೊಂಡು ಮಾಡಿದರು. ಅಂದರೆ, ಕೊನೆಯ ಉತ್ತರ ಮುಂಚೆಯೇ ಕಾಣದ ಹಾಗೆ ಹಳೆಯ, ಹೊಂದಿಸದ ಸಮಯದ ಆಧಾರ ಇಟ್ಟುಕೊಂಡೇ ಲೆಕ್ಕ ಮುಗಿಸಿದರು. ಬಂದದ್ದು 1,048.5 ನ್ಯಾನೊಸೆಕೆಂಡ್. ಆಮೇಲೆ ಪರದೆ ಸರಿಸಿ ಎಲ್ಲ ತಿದ್ದುಪಡಿಗಳನ್ನು, ಒಟ್ಟು 987.8, ಕಳೆದರು. ಉಳಿದದ್ದು 60.7. ಸಂಖ್ಯಾತ್ಮಕ ಅನಿಶ್ಚಿತತೆ 6.9, ಉಪಕರಣದ್ದು 7.4. ಸೊನ್ನೆಯ ಹತ್ತಿರ ಬರಬೇಕಿದ್ದ ಅಂಕಿ ಸೊನ್ನೆಯಿಂದ ಆರು ಸಿಗ್ಮಾ ದೂರ, ಅಂದರೆ ಒಟ್ಟು ಅನಿಶ್ಚಿತತೆಯ ಆರು ಪಟ್ಟು ದೂರ ನಿಂತಿತ್ತು.

ಇಲ್ಲಿ ಒಂದು ಮಾತು. ಬೇಕಾದ ಉತ್ತರದ ಕಡೆಗೆ ಕೈ ವಾಲದಂತೆ ಕಣ್ಣುಕಟ್ಟು ವಿಧಾನ ತಡೆಯುತ್ತದೆ. ಆದರೆ ಕಳೆಯುವ 987.8ರೊಳಗೆ ಏನೇನಿದೆ ಎಂಬುದಕ್ಕೆ ಅದರ ಕಾವಲಿಲ್ಲ. ಆ ಒಂದು ಸಂಖ್ಯೆಯೊಳಗೆ ಹತ್ತಾರು ಜನ, ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಉಪಕರಣಗಳಿಂದ ಅಳೆದ ತಡಗಳು ಕೂಡಿಕೊಂಡಿದ್ದವು. ತಂಡದ ಎಲ್ಲ ಎಚ್ಚರ ಪರದೆಯ ಈಚೆಗಿತ್ತು; ದೋಷ ಕೂತದ್ದು ಆಚೆಗೆ.

ಸಹಿಯ ಪ್ರಶ್ನೆ

ಈ ಅಂಕಿ ತಂಡದ ಕೈಗೆ ಬಂದ ಮೇಲೆ ತಿಂಗಳುಗಟ್ಟಲೆ ಒಳಗೊಳಗೇ ಪರಿಶೀಲನೆ ನಡೆಯಿತು. ಆಕಾರ ಹೊಂದಿಸುವ ಲೆಕ್ಕ, ಹಗಲು ರಾತ್ರಿಯ ವ್ಯತ್ಯಾಸ, ಋತುವಿನ ವ್ಯತ್ಯಾಸ, ಕಡಿಮೆ ಶಕ್ತಿ ಹೆಚ್ಚು ಶಕ್ತಿಯ ನ್ಯೂಟ್ರಿನೊಗಳು: ಎಲ್ಲ ನೋಡಿದರು. ಏನೂ ಸಿಗಲಿಲ್ಲ. ಸಿಗದಿದ್ದಾಗ ಮುಂದೇನು?

ಇಲ್ಲಿಂದ ಪ್ರಕರಣ ಮನುಷ್ಯರದಾಗುತ್ತದೆ. 160 ಜನರಿಗೆ ಗೊತ್ತಿರುವ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ. ಗಾಳಿಸುದ್ದಿ ಆಗಲೇ ಹಬ್ಬತೊಡಗಿತ್ತು. ಸೆಪ್ಟೆಂಬರ್ 22ಕ್ಕೆ ಸುದ್ದಿಸಂಸ್ಥೆಗಳಲ್ಲೂ ಬಂತು. ಹಾಗಾಗಿ ‘ಹೇಳಬೇಕೋ ಬೇಡವೋ’ ಎಂಬ ಪ್ರಶ್ನೆಗೆ ಅರ್ಥ ಉಳಿದಿರಲಿಲ್ಲ. ಹೇಗೆ ಹೇಳುವುದು, ಎಷ್ಟು ದೊಡ್ಡ ದನಿಯಲ್ಲಿ, ಯಾರ ಹೆಸರಿನಲ್ಲಿ ಎಂಬುದಷ್ಟೇ ಬಾಕಿ.

ಕಣವಿಜ್ಞಾನದ ಪ್ರಬಂಧಗಳಲ್ಲಿ ಲೇಖಕರ ಹೆಸರು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತದೆ. ಎಮಲ್ಷನ್ ಫಿಲ್ಮು ತೊಳೆದವರಿಗೂ, ಗಡಿಯಾರ ಜೋಡಿಸಿದವರಿಗೂ, ಲೆಕ್ಕ ಹಾಕಿದವರಿಗೂ ಒಂದೇ ಸಾಲು. ಮಾಮೂಲಿ ದಿನಗಳಲ್ಲಿ ಇದು ಸಮಾನತೆ. ಇಂಥ ದಿನದಲ್ಲಿ ಅದು ಭಾರ: ಟೌ ನ್ಯೂಟ್ರಿನೊ ಹುಡುಕಲು ಬಂದವರು, ತಾವು ಮುಟ್ಟಿಯೂ ಇಲ್ಲದ ಗಡಿಯಾರದ ಮೇಲೆ ಹೆಸರು ಪಣಕ್ಕಿಡಬೇಕು. ಕೆಲವರು ಒಪ್ಪಲಿಲ್ಲ. ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಸಿದರು. ಪರೀಕ್ಷೆ ಸಾಲದು, ಇದು ಪ್ರಕಟಿಸುವ ಹಂತಕ್ಕೆ ಬಂದಿಲ್ಲ ಎಂಬುದು ಅವರ ವಾದ. ಹೆಸರು ತೆಗೆಸುವುದೆಂದರೆ ಈ ಸಮುದಾಯದಲ್ಲಿ ಸಣ್ಣ ವಿಷಯವಲ್ಲ. ಹತ್ತು ವರ್ಷದ ದುಡಿಮೆಯ ಪಾಲನ್ನು ಒಂದು ಪ್ರಬಂಧದ ಮಟ್ಟಿಗೆ ಬಿಟ್ಟುಕೊಟ್ಟ ಹಾಗೆ.

ಪ್ರಬಂಧವನ್ನು ಬರೆದವರ ಎಚ್ಚರವನ್ನೂ ಗಮನಿಸಬೇಕು. ಶೀರ್ಷಿಕೆಯಲ್ಲಿ ‘ಬೆಳಕಿಗಿಂತ ವೇಗ’ ಇಲ್ಲ. ವೇಗದ ಅಳತೆ ಎಂದಷ್ಟೇ ಇದೆ. ಕೊನೆಯಲ್ಲಿ, ಈ ಫಲಿತಾಂಶಕ್ಕೆ ಯಾವ ಸೈದ್ಧಾಂತಿಕ ಅರ್ಥವನ್ನೂ ಬೇಕೆಂದೇ ಹಚ್ಚುತ್ತಿಲ್ಲ ಎಂದು ಬರೆದರು. ತಮಗೆ ಸಿಗದ ತಪ್ಪನ್ನು ಬೇರೆಯವರು ಹುಡುಕಿಕೊಡಲಿ ಎಂಬ ಕೋರಿಕೆ ಅದು. ಆದರೆ ಆ ಕೋರಿಕೆಯನ್ನು ಸರ್ನ್‌ನ ಮುಖ್ಯ ಸಭಾಂಗಣದಲ್ಲಿ, ಇಡೀ ಜಗತ್ತಿಗೆ ನೇರಪ್ರಸಾರ ಮಾಡಿ, ಪತ್ರಿಕಾ ಪ್ರಕಟಣೆಯ ಜೊತೆ ಸೆಪ್ಟೆಂಬರ್ 23ರ ಶುಕ್ರವಾರ ಮುಂದಿಟ್ಟರು. ಬರಹ ಪಿಸುಗುಟ್ಟಿತು, ವೇದಿಕೆ ಕೂಗಿತು.

ಮುಂದಿನದು ಊಹಿಸಬಹುದಾದ್ದೇ. ಐನ್‌ಸ್ಟೈನ್ ಸೋತರು ಎಂಬ ತಲೆಬರಹಗಳು. ಕೆಲವೇ ತಿಂಗಳಲ್ಲಿ ವಿವರಣೆ ಕೊಡುವ ನೂರಕ್ಕೂ ಹೆಚ್ಚು ಸಿದ್ಧಾಂತ ಪ್ರಬಂಧಗಳು. ಇದು ನಿಜವಾದರೆ ನೇರಪ್ರಸಾರದಲ್ಲಿ ನನ್ನ ಚಡ್ಡಿ ತಿನ್ನುತ್ತೇನೆ ಎಂದರು ಬ್ರಿಟನ್ನಿನ ಭೌತವಿಜ್ಞಾನಿ ಜಿಮ್ ಅಲ್-ಖಲೀಲಿ. ಇಟಲಿಯ ಶಿಕ್ಷಣ ಸಚಿವಾಲಯ ಹೊರಡಿಸಿದ ಅಭಿನಂದನೆಯಲ್ಲಿ ಸರ್ನ್‌ನಿಂದ ಗ್ರಾನ್ ಸಾಸ್ಸೊವರೆಗಿನ ‘ಸುರಂಗ’ ಕಟ್ಟಲು ಇಟಲಿ ಸುಮಾರು 45 ದಶಲಕ್ಷ ಯೂರೊ ಕೊಟ್ಟಿದೆ ಎಂದಿತ್ತು. ನ್ಯೂಟ್ರಿನೊಗೆ ಬಂಡೆಯೇ ದಾರಿ. 730 ಕಿಲೋಮೀಟರ್ ಸುರಂಗ ಎಲ್ಲೂ ಇಲ್ಲ. ಇಡೀ ದೇಶ ನಕ್ಕಿತು. ಲೆಕ್ಕ ಹಾಕಿದವರಿಗೆ ಮಾತ್ರ ನಗುವ ಸ್ಥಿತಿ ಇರಲಿಲ್ಲ.

ಗಂಭೀರ ಆಕ್ಷೇಪಗಳೂ ಬೇಗನೆ ಬಂದವು. 1987ರಲ್ಲಿ ಕಾಣಿಸಿದ ಸೂಪರ್‌ನೋವಾದ (ನಕ್ಷತ್ರ ಸ್ಫೋಟದ) ನ್ಯೂಟ್ರಿನೊಗಳು 1,68,000 ಬೆಳಕಿನ ವರ್ಷ ಸಾಗಿ ಬೆಳಕಿಗಿಂತ ಮೂರು ಗಂಟೆಯಷ್ಟೇ ಮುಂಚೆ ಬಂದಿದ್ದವು. ಅದಕ್ಕೂ ಕಾರಣ ನಕ್ಷತ್ರದ ಒಳಗಿನಿಂದ ಬೆಳಕು ಹೊರಬರಲು ತಡವಾದದ್ದು. ಒಪೆರಾದ ಪ್ರಮಾಣ ಅಲ್ಲಿಗೂ ಅನ್ವಯಿಸಿದ್ದರೆ ಅವು ನಾಲ್ಕು ವರ್ಷ ಮೊದಲೇ ಬರಬೇಕಿತ್ತು. ಆದರೆ ಅವುಗಳ ಶಕ್ತಿ ತೀರಾ ಕಡಿಮೆ. ಹೆಚ್ಚಿನ ಶಕ್ತಿಯಲ್ಲಿ ಬೇರೆ ನಡೆ ಇರಬಹುದು ಎಂದು ವಾದಿಸಲು ಜಾಗವಿತ್ತು. ಆ ಜಾಗವನ್ನು ಅಮೆರಿಕದ ಭೌತವಿಜ್ಞಾನಿಗಳಾದ ಆಂಡ್ರ್ಯೂ ಕೋಹೆನ್ ಮತ್ತು ಶೆಲ್ಡನ್ ಗ್ಲಾಶೋ ವಾರದೊಳಗೆ ಮುಚ್ಚಿದರು. ಬೆಳಕನ್ನು ಮೀರಿದ ನ್ಯೂಟ್ರಿನೊ ದಾರಿಯುದ್ದಕ್ಕೂ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳನ್ನು ಚೆಲ್ಲುತ್ತ ಶಕ್ತಿ ಕಳೆದುಕೊಳ್ಳಬೇಕು, 12.5 ಗಿಗಾ ಎಲೆಕ್ಟ್ರಾನ್‌ವೋಲ್ಟಿಗಿಂತ ಹೆಚ್ಚಿನವು ಗ್ರಾನ್ ಸಾಸ್ಸೊ ಮುಟ್ಟಲೇಬಾರದು ಎಂದರು. ಅದೇ ಬೆಟ್ಟದೊಳಗೆ, ಪಕ್ಕದ ದೊಡ್ಡ ಕೋಣೆಯಲ್ಲಿ ಕಾರ್ಲೊ ರುಬ್ಬಿಯಾ ಅವರ ನೇತೃತ್ವದ ಇಕಾರಸ್ ಪ್ರಯೋಗ ಅದೇ ಕಿರಣಪುಂಜ ನೋಡುತ್ತಿತ್ತು. ಶಕ್ತಿಯ ಹಂಚಿಕೆಯಲ್ಲಿ ಅಂಥ ಕೊರತೆ ಇಲ್ಲ ಎಂದು ಅಕ್ಟೋಬರಿನಲ್ಲೇ ಅವರು ತಿಳಿಸಿದರು.

ಅಂದರೆ ಅಕ್ಟೋಬರ್ ಹೊತ್ತಿಗೆ ಎಲ್ಲೋ ಯಂತ್ರದಲ್ಲೇ ತಪ್ಪಿದೆ ಎಂಬುದು ಹೆಚ್ಚಿನವರಿಗೆ ಖಾತ್ರಿಯಾಗಿತ್ತು. ಎಲ್ಲಿ?

ಅದೇ ತಕ್ಕಡಿಯಲ್ಲಿ ಎರಡನೇ ತೂಕ

ಎಲ್ಲರ ಅನುಮಾನ ಮೊದಲು ಹೋದದ್ದು 10.5 ಮೈಕ್ರೊಸೆಕೆಂಡಿನ ಉದ್ದನೆಯ ಕಂತಿನ ಮೇಲೆ. 60 ನ್ಯಾನೊಸೆಕೆಂಡ್ ಎಂದರೆ ಅದರ ಶೇಕಡಾ ಒಂದಕ್ಕಿಂತ ಕಡಿಮೆ. ಕಂತಿನ ಮುಂಭಾಗದಿಂದ ಹುಟ್ಟುವ ನ್ಯೂಟ್ರಿನೊಗೂ ಹಿಂಭಾಗದ್ದಕ್ಕೂ ಸಣ್ಣ ವ್ಯತ್ಯಾಸವಿದ್ದರೂ ಆಕಾರ ಹೊಂದಿಸುವ ಲೆಕ್ಕ ಕೆಡಬಹುದಲ್ಲವೇ? ನ್ಯಾಯವಾದ ಪ್ರಶ್ನೆ. ಅದಕ್ಕಾಗಿ ಅಕ್ಟೋಬರ್ 22ರಿಂದ ನವೆಂಬರ್ 6ರವರೆಗೆ ಸರ್ನ್ ವಿಶೇಷವಾಗಿ ಕಿರಣವನ್ನು ಸಣ್ಣ ಸಣ್ಣ ಗೊಂಚಲುಗಳಾಗಿ ಕೊಟ್ಟಿತು: ತಲಾ ಸುಮಾರು 3 ನ್ಯಾನೊಸೆಕೆಂಡ್ ಉದ್ದ, ನಡುವೆ 524 ನ್ಯಾನೊಸೆಕೆಂಡ್ ಅಂತರ. ಈಗ ಯಾವ ನ್ಯೂಟ್ರಿನೊ ಯಾವ ಗೊಂಚಲಿನದು ಎಂದು ನೇರವಾಗಿ ಹೇಳಬಹುದು. ಸಿಕ್ಕಿದ್ದು 20 ಘಟನೆ. ಉತ್ತರ 62.1, ಅನಿಶ್ಚಿತತೆ 3.7.

ತಂಡದೊಳಗೆ ಮನಸ್ಸುಗಳು ಬದಲಾದವು. ಮೊದಲು ಸಹಿ ಹಾಕದಿದ್ದ ಕೆಲವರು ಈಗ ಹಾಕಿದರು. ಹಾಕಿದ್ದ ಕೆಲವರು ಹಿಂದೆ ಸರಿದರು. ನವೆಂಬರ್ 17ಕ್ಕೆ ಪ್ರಬಂಧ ನಿಯತಕಾಲಿಕಕ್ಕೆ ಹೋಯಿತು.

ಈ ಪ್ರಕರಣದಲ್ಲಿ ಕಲಿಯಲಿಕ್ಕೆ ಹೆಚ್ಚು ಇರುವುದು ಈ ಹೆಜ್ಜೆಯಲ್ಲೇ. ಗೊಂಚಲು ಪರೀಕ್ಷೆ ದುಬಾರಿ, ಕಣ್ಣಿಗೆ ಕಾಣುವಂಥದ್ದು, ಪತ್ರಿಕೆಗಳಿಗೆ ಹೇಳಲು ಸುಲಭ. ಅದು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೂ ಕೊಟ್ಟಿತು: ಕಂತಿನ ಆಕಾರದಲ್ಲಿ ತಪ್ಪಿಲ್ಲ. ಆದರೆ 8.3 ಕಿಲೋಮೀಟರ್ ಫೈಬರ್, ಮಾಸ್ಟರ್ ಕ್ಲಾಕ್, ಆ 987.8ರ ಪಟ್ಟಿಯ ಬಹುಭಾಗ ಎರಡೂ ಅಳತೆಗೆ ಒಂದೇ. ಅದೇ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ ಅದೇ ತೂಕ ಬಂತೆಂದರೆ, ತಕ್ಕಡಿ ಅಲುಗಾಡುತ್ತಿಲ್ಲ ಎಂದಷ್ಟೇ ಗೊತ್ತಾಗುತ್ತದೆ. ಬಟ್ಟಿನ ಬುಡದಲ್ಲಿ ಮೇಣ ಮೆತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಎರಡನೇ ಸಲ ಅದೇ ಅಂಕಿ ಬಂದಾಗ ಹುಟ್ಟುವ ಧೈರ್ಯ ಇದೆಯಲ್ಲ, ಅದು ತಂಡದ ತೀರ್ಪನ್ನು ಕೆಡಿಸಿತು ಎಂದೇ ನಮ್ಮ ಅಭಿಪ್ರಾಯ.

ಫೈಬರಿನ ತಡವನ್ನು ಮತ್ತೆ ಅಳೆಯುವುದು ಅಗ್ಗದ ಕೆಲಸ. ಹಾಗಿದ್ದೂ ಇಂಥ ಕೆಲಸ ಪ್ರಯೋಗಾಲಯಗಳಲ್ಲಿ ಹಿಂದೆ ಬೀಳಲು ಎರಡು ಕಾರಣಗಳಿರುತ್ತವೆ. ಓಡುತ್ತಿರುವ ಗಡಿಯಾರದ ಸರಪಳಿಯನ್ನು ಬಿಚ್ಚಿದರೆ ದತ್ತಾಂಶ ಕೆಡುತ್ತದೆ ಎಂಬ ಭಯ ಒಂದು. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಬೇರೊಬ್ಬರು ಅಳೆದು ಬರೆದಿಟ್ಟದ್ದನ್ನು ಮತ್ತೆ ಅಳೆಯುತ್ತೇನೆ ಎನ್ನುವುದು ಅವರ ಕೆಲಸದ ಮೇಲೆ ಅನುಮಾನ ಪಟ್ಟ ಹಾಗೆ. ಹೊಸ ಪರೀಕ್ಷೆ ಕೇಳಿದರೆ ಉತ್ಸಾಹ, ಹಳೆಯ ಅಂಕಿ ಕೇಳಿದರೆ ಮುನಿಸು.

ದೋಷ ಏನು, ಹೇಗೆ

ಡಿಸೆಂಬರಿನಲ್ಲಿ ಫೈಬರಿನ ತಡವನ್ನು ಮತ್ತೆ ಅಳೆದರು. 40,996 ಇರಬೇಕಾದ್ದು ಸುಮಾರು 73 ನ್ಯಾನೊಸೆಕೆಂಡ್ ಹೆಚ್ಚು ತೋರಿಸಿತು. ಸಾವಿರಕ್ಕೆ ಎರಡು ಭಾಗದಷ್ಟೂ ಅಲ್ಲ. ಮಾಸ್ಟರ್ ಕ್ಲಾಕಿನ ಪೆಟ್ಟಿಗೆಗೆ ಫೈಬರ್ ಸೇರುವ ಕಡೆ ಕನೆಕ್ಟರ್ ಪೂರ್ತಿ ತಿರುಗಿ ಕೂತಿರಲಿಲ್ಲ.

ಸಡಿಲ ತಂತಿ ಎಂದರೆ ನಮಗೆ ಗೊತ್ತಿರುವುದು ಬಲ್ಬು ಮಿಣುಕುವುದು, ಇಲ್ಲವೇ ಆರಿಹೋಗುವುದು. ಇಲ್ಲಿ ಸಂಕೇತ ತಪ್ಪದೆ ಬರುತ್ತಿತ್ತು, ಮಿಣುಕುತ್ತಲೂ ಇರಲಿಲ್ಲ. ತಡವಾಗಿ ಬರುತ್ತಿತ್ತಷ್ಟೆ. ಕನೆಕ್ಟರ್ ಸರಿಯಾಗಿ ಕೂರದಿದ್ದಾಗ ಬೆಳಕನ್ನು ವಿದ್ಯುತ್ತಾಗಿಸುವ ಫೋಟೊಡಯೋಡಿಗೆ ಫೈಬರಿನಿಂದ ಬೀಳುವ ಬೆಳಕು ಕಡಿಮೆಯಾಗುತ್ತದೆ. ಬೆಳಕು ಕಡಿಮೆಯಾದರೆ ಹುಟ್ಟುವ ವಿದ್ಯುತ್ತೂ ಕಡಿಮೆ; ವಿದ್ಯುತ್ ಮಂಡಲದ (ಸರ್ಕ್ಯೂಟಿನ) ಮಟ್ಟ ನಿಧಾನವಾಗಿ ಏರುತ್ತದೆ. ಸಂಕೇತ ಬಂತು ಎಂದು ಮಂಡಲ ತೀರ್ಮಾನಿಸುವುದು ಆ ಮಟ್ಟ ಒಂದು ಗೆರೆ ದಾಟಿದಾಗ. ತೆಳು ಧಾರೆಯ ನಲ್ಲಿಯಲ್ಲಿ ಕೊಡ ತುಂಬುವುದು ತಡವಾದಂತೆ, ಗೆರೆ ದಾಟುವುದೂ ತಡ. ಎಲೆಕ್ಟ್ರಾನಿಕ್ಸಿನವರು ಇದನ್ನು ಟೈಮ್ ವಾಕ್ ಎನ್ನುತ್ತಾರೆ, ಅಪರೂಪದ್ದೇನಲ್ಲ, ಪಠ್ಯದಲ್ಲಿರುವುದೇ.

ತಡವಾದರೆ ನ್ಯೂಟ್ರಿನೊ ಬೇಗ ಬಂದಂತೆ ಕಾಣುವುದು ಹೇಗೆ? ಮನೆಯ ಗೋಡೆ ಗಡಿಯಾರ ಐದು ನಿಮಿಷ ಹಿಂದಿದ್ದರೆ, ಹತ್ತಕ್ಕೆ ಸರಿಯಾಗಿ ಬಂದ ನೆಂಟರು 9:55ಕ್ಕೇ ಬಂದಂತೆ ಕಾಣುತ್ತಾರೆ. ಬೆಟ್ಟದೊಳಗಿನ ಗಡಿಯಾರ 73 ನ್ಯಾನೊಸೆಕೆಂಡ್ ಹಿಂದಿತ್ತು.

ಜೊತೆಗೆ ಇನ್ನೊಂದು ದೋಷವೂ ಸಿಕ್ಕಿತು. ಮಾಸ್ಟರ್ ಕ್ಲಾಕಿನೊಳಗೆ ಟಿಕ್ ಹುಟ್ಟಿಸುವ ಆಂದೋಲಕ ಸೆಕೆಂಡಿಗೆ 124 ನ್ಯಾನೊಸೆಕೆಂಡ್ ಮುಂದೆ ಓಡುತ್ತಿತ್ತು. ಎಣಿಕೆ 0.6 ಸೆಕೆಂಡಿಗೊಮ್ಮೆ ಸೊನ್ನೆಯಿಂದ ಶುರುವಾಗುವುದರಿಂದ, ಘಟನೆ ಆ ಅವಧಿಯಲ್ಲಿ ಎಲ್ಲಿ ಬಿತ್ತು ಎಂಬುದರ ಮೇಲೆ ತಪ್ಪಿನ ಗಾತ್ರ ನಿಂತಿತ್ತು. ಇದು ಎಳೆಯುತ್ತಿದ್ದದ್ದು ವಿರುದ್ಧ ದಿಕ್ಕಿಗೆ. ಎರಡು ತಪ್ಪುಗಳು ಒಂದನ್ನೊಂದು ಸ್ವಲ್ಪ ಮರೆಮಾಡಿಕೊಂಡಿದ್ದವು. ಒಂದನ್ನು ಮಾತ್ರ ಸರಿಮಾಡಿ ನಿಲ್ಲಿಸಿದ್ದರೆ ಉತ್ತರ ಇನ್ನೊಂದು ಬಗೆಯಲ್ಲಿ ತಪ್ಪಾಗುತ್ತಿತ್ತು.

ಕನೆಕ್ಟರ್ ಬಿಗಿದರೆ ಮುಗಿಯಲಿಲ್ಲ. ಅದು ಯಾವತ್ತಿನಿಂದ ಹಾಗಿತ್ತು? ಸೆಪ್ಟೆಂಬರಿನ ಅಂಕಿ ಬರುವ ಮುಂಚೆಯೋ, ಆಮೇಲೆ ಯಾರದೋ ಕೈ ತಾಗಿಯೋ? ಬಿಗಿದ ಮೇಲೆ ಹಳೆಯ ಸ್ಥಿತಿ ಹೋಗಿಬಿಟ್ಟಿರುತ್ತದೆ, ಸಾಕ್ಷಿ ಉಳಿಯುವುದಿಲ್ಲ.

ಪಕ್ಕದ ಮನೆಯ ದಾಖಲೆ

ಉತ್ತರ ಬಂದದ್ದು ಅದೇ ಬೆಟ್ಟದೊಳಗೆ, ಸುಮಾರು 160 ಮೀಟರ್ ಆಚೆ ಇದ್ದ ಎಲ್‌ವಿಡಿ ಎಂಬ ಹಳೆಯ ಪ್ರಯೋಗದಿಂದ. ಸೂಪರ್‌ನೋವಾದ ನ್ಯೂಟ್ರಿನೊಗಳಿಗಾಗಿ ಕಾಯುತ್ತ ಕೂತಿದ್ದ ಉಪಕರಣ ಅದು. ಗ್ರಾನ್ ಸಾಸ್ಸೊ ಬೆಟ್ಟಕ್ಕೆ ಟೆರಾಮೊ ದಿಕ್ಕಿನಲ್ಲಿ ಒಂದು ಕಣಿವೆ ಇದೆ. ಆ ಕಡೆ ಬಂಡೆ ತೆಳು. ಅಲ್ಲಿಂದ ಆಕಾಶದಿಂದ ಬರುವ ಕೆಲವು ಮ್ಯುವಾನ್ ಕಣಗಳು ಹೆಚ್ಚುಕಡಿಮೆ ಅಡ್ಡಡ್ಡವಾಗಿ ನುಗ್ಗಿ ಎರಡೂ ಪ್ರಯೋಗಗಳನ್ನು ದಾಟಿ ಹೋಗುತ್ತವೆ. ಒಂದೇ ಮ್ಯುವಾನ್ ಎರಡು ಕಡೆ ದಾಖಲಾದರೆ ಎರಡು ಗಡಿಯಾರಗಳನ್ನು ಹೋಲಿಸಬಹುದು. ಸರ್ನ್ ಬೇಡ, ಜಿನೀವಾದ ಕಿರಣ ಬೇಡ.

2007ರಿಂದ 2012ರವರೆಗಿನ ಕಡತಗಳಿಂದ ಅಂಥ 306 ಘಟನೆಗಳನ್ನು ಹೆಕ್ಕಿದರು. 2008ರ ಮಧ್ಯಭಾಗದವರೆಗೆ ಎರಡು ಗಡಿಯಾರಗಳ ವ್ಯತ್ಯಾಸ ಒಂದು ಮಟ್ಟ. ಅಲ್ಲಿಂದ 2011ರ ಕೊನೆಯವರೆಗೆ ಇನ್ನೊಂದು ಮಟ್ಟ. ನಡುವಿನ ಜಿಗಿತ 73 ನ್ಯಾನೊಸೆಕೆಂಡ್, ಅನಿಶ್ಚಿತತೆ 9. 2012ಕ್ಕೆ ಮತ್ತೆ ಹಳೆಯ ಮಟ್ಟ. ವೇಗದ ಅಳತೆಗೆ ಬಳಸಿದ ದತ್ತಾಂಶವೆಲ್ಲ, 2009ರಿಂದ 2011ರವರೆಗಿನದು, ಆ ಕೆಟ್ಟ ಅವಧಿಯೊಳಗೇ ಬಿದ್ದಿತ್ತು.

ಗಮನಿಸಿ: 306ರಲ್ಲಿ ಬಹುಪಾಲು ಸೆಪ್ಟೆಂಬರ್ 23ಕ್ಕೆ ಮುಂಚೆಯೇ ಡಿಸ್ಕಿನಲ್ಲಿತ್ತು. ಎರಡು ತಂಡಗಳು ಒಂದೇ ಕ್ಯಾಂಟೀನಿನಲ್ಲಿ ಊಟ ಮಾಡಿದರೂ ಒಂದರ ಸಮಯದ ಕಡತವನ್ನು ಇನ್ನೊಂದು ಕೇಳುವ ಅಭ್ಯಾಸ ಇರುವುದಿಲ್ಲ. ಕೇಳಬೇಕಾದರೆ ‘ನಮ್ಮಲ್ಲೊಂದು ವಿಚಿತ್ರ ಅಂಕಿ ಬಂದಿದೆ’ ಎಂದು ಹೇಳಬೇಕಾಗುತ್ತದೆ. ಗುಟ್ಟು ಕಾಯುವ ಶಿಸ್ತು ಇಲ್ಲಿ ಬೆಲೆ ಕೇಳಿತು.

ಎರಡನೇ ಮೌನ

ಡಿಸೆಂಬರಿನಲ್ಲಿ ಕಂಡದ್ದು ಹೊರಗೆ ಬಂದದ್ದು 2012ರ ಫೆಬ್ರವರಿ 22ಕ್ಕೆ, ಅದೂ ಒಂದು ವಿಜ್ಞಾನ ಪತ್ರಿಕೆಯ ಸುದ್ದಿವಿಭಾಗದ ಮೂಲಕ. ಮಾರನೆಯ ದಿನ ಸರ್ನ್ ಮತ್ತು ತಂಡ ಹೇಳಿಕೆ ಕೊಟ್ಟವು: ಎರಡು ಅನುಮಾನಗಳಿವೆ, ಎರಡೂ ವಿರುದ್ಧ ದಿಕ್ಕಿನವು, ಪರಿಶೀಲನೆ ನಡೆದಿದೆ. ಪೂರ್ತಿ ಖಾತ್ರಿಯಾಗುವ ಮುಂಚೆ ಹೇಳಬಾರದೆಂಬುದಕ್ಕೆ ತಾಂತ್ರಿಕ ಸಮರ್ಥನೆ ಇಲ್ಲದಿಲ್ಲ. ಕೆಟ್ಟ ಅವಧಿ ಯಾವುದು ಎಂಬುದೇ ಇನ್ನೂ ತಿಳಿದಿರಲಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಅರೆಖಾತ್ರಿಯ ಫಲಿತಾಂಶವನ್ನು ನೇರಪ್ರಸಾರ ಮಾಡಿದವರು, ಅರೆಖಾತ್ರಿಯ ದೋಷವನ್ನು ಎರಡು ತಿಂಗಳು ಒಳಗಿಟ್ಟುಕೊಂಡರು ಎಂಬ ಮಾತು ಬಂದೇ ಬರುತ್ತದೆ. ಸೆಪ್ಟೆಂಬರಿನ ಘೋಷಣೆಯನ್ನು ನಾವು ತಪ್ಪೆನ್ನುವುದಿಲ್ಲ. ಈ ಎರಡನೇ ಮೌನವೇ ಹೆಚ್ಚು ಹಾನಿ ಮಾಡಿತು.

ಮಾರ್ಚ್ 16ಕ್ಕೆ ಇಕಾರಸ್ ತನ್ನ ಅಳತೆ ಹೇಳಿತು. ಅಕ್ಟೋಬರ್-ನವೆಂಬರಿನ ಅದೇ ಗೊಂಚಲುಗಳಿಂದ ಅವರಿಗೆ ಸಿಕ್ಕಿದ್ದು 7 ನ್ಯೂಟ್ರಿನೊ. ಬೆಳಕಿಗೂ ಅವಕ್ಕೂ ವ್ಯತ್ಯಾಸ ಕಾಣಲಿಲ್ಲ. ಮಾರ್ಚ್ ಕೊನೆಯ ವಾರ ಒಪೆರಾ ತಂಡದೊಳಗೆ ನಾಯಕತ್ವದ ಮೇಲೆ ಅವಿಶ್ವಾಸ ನಿರ್ಣಯ ಬಂತು. ಬೇಕಾದ ಬಹುಮತ ಸಿಗದೆ ಬಿದ್ದುಹೋಯಿತು, ಆದರೆ ತಂಡ ಇಬ್ಭಾಗವಾಗಿರುವುದು ಎಣಿಕೆಯಲ್ಲೇ ಕಂಡಿತು. ಮಾರ್ಚ್ 30ಕ್ಕೆ ಎರೆಡಿಟಾಟೊ ಮತ್ತು ಆಟಿಯೆರೊ ಇಬ್ಬರೂ ರಾಜೀನಾಮೆ ಕೊಟ್ಟರು. ಅವರು ಏನನ್ನೂ ಕದ್ದಿರಲಿಲ್ಲ, ಅಂಕಿ ತಿರುಚಿರಲಿಲ್ಲ. ವಕ್ತಾರರ ಅಧಿಕಾರ ವಿಶ್ವಾಸದ ಮೇಲೆ ನಿಂತದ್ದು ಎಂದೆವಲ್ಲ. ಬಿದ್ದ ನಿರ್ಣಯವೂ ಅದನ್ನು ತಿಂದುಹಾಕುತ್ತದೆ.

ಜೂನ್ 8ಕ್ಕೆ ಕ್ಯೋಟೊದ ಸಮ್ಮೇಳನದಲ್ಲಿ ಸರ್ನ್‌ನ ಸಂಶೋಧನಾ ನಿರ್ದೇಶಕ ಸೆರ್ಜಿಯೊ ಬೆರ್ಟೊಲುಚ್ಚಿ ಅವರು ಗ್ರಾನ್ ಸಾಸ್ಸೊದ ನಾಲ್ಕೂ ಪ್ರಯೋಗಗಳ ಹೊಸ ಅಳತೆಗಳನ್ನು ಮಂಡಿಸಿದರು: ಬೊರೆಕ್ಸಿನೊ, ಇಕಾರಸ್, ಎಲ್‌ವಿಡಿ, ಒಪೆರಾ. ನಾಲ್ಕೂ ಬೆಳಕಿನ ವೇಗಕ್ಕೆ ಹೊಂದುತ್ತಿದ್ದವು. ಒಪೆರಾದ ಹಳೆಯ ದತ್ತಾಂಶವನ್ನು ತಿದ್ದಿದಾಗ 60.7ರ ಜಾಗದಲ್ಲಿ ಬಂದದ್ದು 6.5, ಸಂಖ್ಯಾತ್ಮಕ ಅನಿಶ್ಚಿತತೆಯೇ 7.4.

ಬೇರೆ ತಂಡಗಳಿಗೆ ಬಳಕೆಯಾಗುವುದು

ಕೆಲಸ ಎಲ್ಲಿಂದ ಶುರುಮಾಡಬೇಕು? ಕಳೆಯುವ ಅಥವಾ ಕೂಡಿಸುವ ಪ್ರತಿ ಸ್ಥಿರಾಂಕಕ್ಕೂ ಪುಸ್ತಕದಲ್ಲಿ ಒಂದು ಸಾಲು ಇರಲಿ: ಮೌಲ್ಯ, ಅಳೆದ ದಿನ, ಉಪಕರಣ, ಅಳೆದವರು, ಆಮೇಲೆ ಆ ಭಾಗವನ್ನು ಯಾರಾದರೂ ಬಿಚ್ಚಿದ ದಿನ. ಕೊನೆಯ ಕಾಲಮ್ಮೇ ಮುಖ್ಯ. ಬಿಚ್ಚಿದ ದಿನ ಅಳೆದ ದಿನಕ್ಕಿಂತ ಈಚಿನದಾದರೆ ಆ ಅಂಕಿ ಸತ್ತಿದೆ ಎಂದೇ ಲೆಕ್ಕ. ಹೀಗೆ ಮಾಡಿದರೆ ಮರು ಅಳತೆ ಯಾರ ಮೇಲಿನ ಅನುಮಾನವೂ ಅಲ್ಲ, ಪುಸ್ತಕದ ನಿಯಮ.

ಫೈಬರ್ ಇರುವ ಕಡೆ ತಡದ ಜೊತೆ ಬೆಳಕಿನ ಪ್ರಮಾಣವನ್ನೂ ಬರೆದಿಡಬೇಕು. ಆಪ್ಟಿಕಲ್ ಪವರ್ ಮೀಟರಿನಿಂದ ಐದು ನಿಮಿಷದ ಕೆಲಸ. ಸರಿಯಾಗಿ ಕೂತ ಕನೆಕ್ಟರಿನಲ್ಲಿ ನಷ್ಟ ಅರ್ಧ ಡೆಸಿಬೆಲ್ಲಿಗಿಂತ ಕಡಿಮೆ. ಜೋಡಿಸಿದ ದಿನದ ಅಂಕಿಗಿಂತ ಒಂದು ಡೆಸಿಬೆಲ್ ಇಳಿದಿದ್ದರೆ ಬಿಚ್ಚಿ, ನೂಲು ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತುದಿ ಒರೆಸಿ, ಮತ್ತೆ ಕೂರಿಸಿ, ತಡವನ್ನು ಮತ್ತೆ ಅಳೆಯಬೇಕು. ಬಿಚ್ಚುವ ಮುಂಚೆ ಇದ್ದ ಸ್ಥಿತಿಯನ್ನೂ ಅಳೆದು, ಫೋಟೊ ತೆಗೆದಿಡುವುದನ್ನು ಮರೆಯಬಾರದು, ಸಾಕ್ಷಿ ಅಷ್ಟೇ. ಸಮಯ ಹೇಳುವ ಮಂಡಲದಲ್ಲಿ ಸ್ಥಿರ ಗೆರೆಯ ಬದಲು ಏರಿಕೆಯ ಇಂತಿಷ್ಟು ಭಾಗದಲ್ಲಿ ತೀರ್ಮಾನಿಸುವ ವಿನ್ಯಾಸ ಬಳಸಿದರೆ ಬೆಳಕು ಕುಗ್ಗಿದರೂ ತಡ ಅಷ್ಟಾಗಿ ಏರುವುದಿಲ್ಲ.

ಯಾವುದೇ ಹೊಸ ಪರೀಕ್ಷೆಯ ಪ್ರಸ್ತಾಪ ಬಂದಾಗ ‘ಇದು ಸರಪಳಿಯ ಯಾವ ಕೊಂಡಿಗಳನ್ನು ಮುಟ್ಟುವುದಿಲ್ಲ’ ಎಂದು ಬರೆಸಬೇಕು. ಮುಟ್ಟದ ಕೊಂಡಿಗಳಲ್ಲಿ ಯಾವುದನ್ನು ಅತಿ ಕಡಿಮೆ ಗಂಟೆಗಳಲ್ಲಿ ಪರೀಕ್ಷಿಸಬಹುದೋ ಅದು ಮೊದಲು. ಅಗ್ಗದ್ದು ಮುಗಿಯದೆ ದುಬಾರಿಯದು ಬೇಡ.

ಜನರ ಕಡೆಗೆ ಬಂದರೆ, ಸಹಿ ಹಾಕದವರು ಕಾರಣವನ್ನು ಒಂದು ಪುಟದಲ್ಲಿ ಬರೆದುಕೊಡುವ ವ್ಯವಸ್ಥೆ ಬೇಕು, ಅದು ತಂಡದ ಕಡತದಲ್ಲಿ ಉಳಿಯಬೇಕು. ಬರೀ ಹೆಸರು ಮಾಯವಾದರೆ ಹೊರಗಿನವರಿಗೆ ಜಗಳ ಕಾಣುತ್ತದೆ, ಒಳಗಿನವರಿಗೆ ಏನೂ ಉಳಿಯುವುದಿಲ್ಲ. ದೋಷ ಸಿಕ್ಕಿದರೆ ಎಷ್ಟು ದಿನದೊಳಗೆ, ಎಷ್ಟು ಖಾತ್ರಿಯಲ್ಲಿ ಹೊರಗೆ ಹೇಳುತ್ತೇವೆ ಎಂಬುದನ್ನು ಘೋಷಣೆಗೆ ಮುಂಚೆಯೇ ನಿಶ್ಚಯಿಸಬೇಕು. ಸಿಕ್ಕ ಮೇಲೆ ಕೂತು ನಿಶ್ಚಯಿಸಲು ಯಾವ ತಂಡಕ್ಕೂ ಆಗುವುದಿಲ್ಲ.

ಕೋಲಾರದ ಒಂದು ನೆನಪು ಇಲ್ಲಿ ಸಲ್ಲುತ್ತದೆ. ನಂಜನಗೂಡಿನ ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿ ಮ್ಯುವಾನ್ ಅಳೆಯಲು ಇಳಿದ ಚಿನ್ನದ ಗಣಿಯಲ್ಲೇ, 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್ಹಾಮ್ ಸೇರಿದ ತಂಡ ವಾತಾವರಣದ ನ್ಯೂಟ್ರಿನೊಗಳನ್ನು ಮೊದಲಿಗರ ಸಾಲಿನಲ್ಲಿ ಕಂಡಿತು. ಅದೇ ಗಣಿಯಲ್ಲಿ, 2.3 ಕಿಲೋಮೀಟರ್ ಆಳದಲ್ಲಿ, 1980ರಿಂದ 140 ಟನ್ನಿನ ಉಪಕರಣ ಪ್ರೋಟಾನ್ ಒಡೆಯುವುದಕ್ಕಾಗಿ ಕಾದಿತ್ತು. ಒಡೆದಿರಬಹುದು ಎನ್ನುವಂಥ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿತು. ಅಮೆರಿಕ ಮತ್ತು ಜಪಾನಿನ ದೊಡ್ಡ ನೀರಿನ ಟ್ಯಾಂಕುಗಳಲ್ಲಿ ಅದು ದೃಢಪಡಲಿಲ್ಲ. ‘ಅಭ್ಯರ್ಥಿ ಘಟನೆ’ ಎಂಬ ಪದ ಬಳಸಿ, ಘಟನೆಗಳ ಚಿತ್ರಗಳನ್ನೇ ಮುಂದಿಟ್ಟಿದ್ದರು. ನೇರಪ್ರಸಾರ ಇರದ ಕಾಲದ ಅನುಕೂಲ ಅದು ಎನ್ನಬಹುದು.

ಒಪೆರಾ ತನ್ನ ಮೂಲ ಕೆಲಸಕ್ಕೆ ಮರಳಿತು. 2010ರಲ್ಲಿ ಮೊದಲ ಟೌ ನ್ಯೂಟ್ರಿನೊ ಸಿಕ್ಕಿತ್ತು. 2015ರಲ್ಲಿ ಐದನೆಯದು ಸಿಕ್ಕಾಗ ರೂಪಾಂತರ ಐದು ಸಿಗ್ಮಾ ಖಾತ್ರಿಯಲ್ಲಿ ಸಾಬೀತಾಯಿತು. 2018ರ ಅಂತಿಮ ಎಣಿಕೆಯಲ್ಲಿ ಹತ್ತು ಅಭ್ಯರ್ಥಿಗಳು. ಆ ಹತ್ತನ್ನು ಹುಡುಕಿದ್ದು ಎಮಲ್ಷನ್ ಇಟ್ಟಿಗೆಗಳಲ್ಲಿ. ಅದಕ್ಕೆ ನ್ಯಾನೊಸೆಕೆಂಡಿನ ಗಡಿಯಾರ ಬೇಕಿರಲಿಲ್ಲ.